ಕ್ಯಾಮೆರಾದ ಮುಂದೆ ನಿಂತ ವಕೀಲೆಯ ಅಪರಾಧವೇನು?

ಅಮೆರಿಕದ ವಕೀಲೆ ಗ್ಲೋರಿಯಾ ಆಲ್‌ರೆಡ್ ಅವರ ಮಾತೆತ್ತಿದರೆ ಜನಕ್ಕೆ ಮೊದಲು ನೆನಪಾಗುವುದು ಅವರ ಪತ್ರಿಕಾಗೋಷ್ಠಿಗಳು. ಗೆದ್ದ ಮೊಕದ್ದಮೆಗಳು ಆಮೇಲೆ, ಅದೂ ಯಾರಾದರೂ ನೆನಪಿಸಿದರೆ. ಪ್ರಚಾರದ ಹುಚ್ಚು, ಕ್ಯಾಮೆರಾ ಕಂಡಲ್ಲಿಗೆ ಓಡುವ ಚಟ, ನೊಂದ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ದುಡ್ಡು ಮಾಡುವ ಕಸುಬು: ದಶಕಗಳಿಂದ ಅವರಿಗೆ ಅಂಟಿಸಿದ ಪಟ್ಟಿ ಇದು. ಟಿ.ವಿ. ಹಾಸ್ಯಗಾರರು ಇದನ್ನೇ ಹೇಳಿ ನಗಿಸಿದರು. ಹೆಣ್ಣುಮಕ್ಕಳ ಪರ ಇದ್ದೇವೆ ಎನ್ನುವವರು ಕೂಡ, ಆಕೆಯ ಉದ್ದೇಶ ಒಳ್ಳೆಯದು, ರೀತಿ ಮಾತ್ರ ಸರಿಯಿಲ್ಲ ಎಂದು ತಲೆಯಾಡಿಸಿದರು. ರಾಬರ್ಟಾ ಗ್ರಾಸ್‌ಮನ್ ಮತ್ತು ಸೋಫಿ ಸಾರ್ಟೇನ್ ನಿರ್ದೇಶಿಸಿದ ‘ಸೀಯಿಂಗ್ ಆಲ್‌ರೆಡ್’ ಸಾಕ್ಷ್ಯಚಿತ್ರ 2018ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ತೆರೆಕಂಡು, ಮರುತಿಂಗಳೇ ನೆಟ್‌ಫ್ಲಿಕ್ಸ್‌ಗೆ ಬಂತು. ಆಗಲೂ ಎದ್ದದ್ದು ಹಳೆಯ ತಕರಾರೇ: ಪ್ರಚಾರ ಬೇಡುವವರಿಗೆ ಇನ್ನಷ್ಟು ಪ್ರಚಾರ ಏಕೆ?

ಈ ತಕರಾರನ್ನು ನಾನು ಒಪ್ಪುವುದಿಲ್ಲ. ಇದನ್ನು ಬರೀ ಅಭಿರುಚಿಯ ಮಾತೆಂದು ಬಿಟ್ಟುಬಿಡಲೂ ಸಿದ್ಧಳಿಲ್ಲ. ವಕೀಲರಾದವರು ಕೋರ್ಟಿನೊಳಗೆ ಮಾತಾಡಬೇಕು, ನೊಂದವರು ದೂರು ಕೊಟ್ಟು ಸುಮ್ಮನಿರಬೇಕು ಎಂಬ ಈ ಸಭ್ಯ ನಂಬಿಕೆಯಿಂದ ನೇರ ಲಾಭವಾಗುವುದು ಒಂದೇ ಗುಂಪಿಗೆ. ಹಣ, ಹೆಸರು, ಒಳ್ಳೆಯ ವಕೀಲರು ಎಲ್ಲವೂ ಇದ್ದು, ಕಾಲ ಸರಿದರೆ ಸಾಕು ಎಂದು ಕಾಯುತ್ತಿರುವ ಗಂಡಸರ ಗುಂಪು ಅದು. ಆ ನಂಬಿಕೆಗೆ ತಲೆಬಾಗಿದ ಹೆಣ್ಣುಮಕ್ಕಳಿಗೆ ಏನು ಸಿಕ್ಕಿತು ಎಂಬುದನ್ನು ತಿಳಿಯಬೇಕಾದರೆ ಈ ಚಿತ್ರದ ಬೆನ್ನೆಲುಬಾಗಿರುವ ಬಿಲ್ ಕಾಸ್ಬಿ ಪ್ರಕರಣವನ್ನು ನೋಡಬೇಕು.

ಕಾಸ್ಬಿ ಅಮೆರಿಕದ ಮನೆಮನೆಯ ಟಿ.ವಿ.ಯಲ್ಲಿ ಆದರ್ಶ ತಂದೆಯಾಗಿ ಕಾಣಿಸಿಕೊಂಡ ನಟ. ಸುಮಾರು 60 ಮಹಿಳೆಯರು ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದರು. ಮಾತ್ರೆಯನ್ನೋ ಪಾನೀಯವನ್ನೋ ಕೊಟ್ಟು ಎಚ್ಚರ ತಪ್ಪಿಸಿದರು ಎಂಬುದು ಅವರಲ್ಲಿ ಅನೇಕರ ಹೇಳಿಕೆ. ಕಾಸ್ಬಿ ಎಲ್ಲವನ್ನೂ ನಿರಾಕರಿಸುತ್ತಲೇ ಬಂದರು. ಆ ಮಹಿಳೆಯರಲ್ಲಿ 33 ಮಂದಿಯ ವಕೀಲರು ಆಲ್‌ರೆಡ್. ಕೋರ್ಟಿಗೆ ಹೋಗಿ ಎಂದು ಇವರಿಗೆ ಬುದ್ಧಿ ಹೇಳುವವರು ಯಾವ ಕೋರ್ಟನ್ನು ತೋರಿಸುತ್ತಾರೆ? ಕ್ಯಾಲಿಫೋರ್ನಿಯಾದಲ್ಲಿ ಆಗ ವಯಸ್ಕ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಸಾಮಾನ್ಯವಾಗಿ ಹತ್ತು ವರ್ಷಗಳ ಕಾಲಮಿತಿ. ನೆವಾಡಾದಲ್ಲಿ ಬರೀ ನಾಲ್ಕು. ಇವರ ಘಟನೆಗಳೋ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಂದಿನವು. ಕದಕ್ಕೆ ಹೊರಗಿನಿಂದ ಬೀಗ ಜಡಿದು, ಅಂಗಳದಲ್ಲಿ ನಿಂತವರಿಗೆ ಕೂಗಬೇಡಿ, ಒಳಗೆ ಬಂದು ಮಾತಾಡಿ ಎಂದ ಹಾಗಾಯಿತು.

ಇವರು ಮೊದಲೇ ಬಾಯಿಬಿಟ್ಟಿರಲಿಲ್ಲವೇ? ಬಿಟ್ಟಿದ್ದರು. 2005ರಲ್ಲಿ ಆಂಡ್ರಿಯಾ ಕಾನ್‌ಸ್ಟಂಡ್ ಪೊಲೀಸರಿಗೆ ದೂರು ಕೊಟ್ಟರು. ಅಲ್ಲಿನ ಸರ್ಕಾರಿ ಅಭಿಯೋಜಕ ಪ್ರಕರಣ ಹೂಡಲು ಒಪ್ಪಲಿಲ್ಲ. ಆಕೆ ಸಿವಿಲ್ ದಾವೆ ಹೂಡಿದಾಗ ಇನ್ನೂ 13 ಮಹಿಳೆಯರು ಸಾಕ್ಷಿ ಹೇಳಲು ಮುಂದೆ ಬಂದರು, ಕೆಲವರು ತಮ್ಮ ಹೆಸರು ಹೇಳಿಕೊಂಡೇ ಪತ್ರಿಕೆಗಳೊಡನೆ ಮಾತಾಡಿದರು. 2006ರಲ್ಲಿ ಆ ದಾವೆ ರಾಜಿಯಾಯಿತು, ಕಡತ ಮುಚ್ಚಿತು, ಕಾಸ್ಬಿಗೆ ಸಲ್ಲುವ ಸನ್ಮಾನಗಳು ಸಲ್ಲುತ್ತಲೇ ಹೋದವು. ಮುಂದೆ ಎಂಟು ವರ್ಷ ಕಳೆದು, 2014ರ ಅಕ್ಟೋಬರ್‌ನಲ್ಲಿ ಹ್ಯಾನಿಬಲ್ ಬ್ಯೂರೆಸ್ ಎಂಬ ಹಾಸ್ಯಗಾರ ಫಿಲಡೆಲ್ಫಿಯಾದ ವೇದಿಕೆಯೊಂದರಲ್ಲಿ ಕಾಸ್ಬಿಯನ್ನು ಅತ್ಯಾಚಾರಿ ಎಂದು ಕರೆದ. ಆ ವಿಡಿಯೊ ಎಲ್ಲೆಡೆ ಹರಿದಾಡಿತು, ದೇಶಕ್ಕೆ ಎಚ್ಚರವಾಯಿತು. ಹೆಸರು ಹೇಳಿ, ಮುಖ ತೋರಿಸಿ ಮಾತಾಡಿದ್ದ ಹೆಂಗಸರ ಮಾತಿಗಿಲ್ಲದ ತೂಕ ಒಬ್ಬ ಗಂಡಸಿನ ಹಾಸ್ಯಕ್ಕೆ ಬಂತು. ಇಷ್ಟಾದ ಮೇಲೂ "ಇಷ್ಟು ವರ್ಷ ಎಲ್ಲಿದ್ದಿರಿ" ಎಂದು ಆ ಮಹಿಳೆಯರನ್ನೇ ಕೇಳುವುದಕ್ಕೆ ಯಾರಿಗಾದರೂ ಬಾಯಿ ಹೇಗೆ ಬಂದೀತು?

ಆಲ್‌ರೆಡ್ ತಮ್ಮ ಕಕ್ಷಿದಾರರೊಡನೆ ಮೈಕುಗಳ ಮುಂದೆ ಕೂತದ್ದು ಇದಾದ ಮೇಲೆ. 2014ರ ಡಿಸೆಂಬರ್‌ನಲ್ಲಿ ಅವರು ಕಾಸ್ಬಿಯ ಮುಂದೆ ಎರಡು ದಾರಿ ಇಟ್ಟರು. ಕಾಲಮಿತಿಯ ರಕ್ಷಣೆಯನ್ನು ತಾವಾಗಿ ಬಿಟ್ಟುಕೊಟ್ಟು ಕೋರ್ಟಿಗೆ ಬನ್ನಿ; ಆಗದಿದ್ದರೆ 10 ಕೋಟಿ ಡಾಲರ್ ನಿಧಿಯೊಂದನ್ನು ತೆಗೆದಿಡಿ, ಯಾರ ಮಾತು ನಿಜವೆಂದು ನಿವೃತ್ತ ನ್ಯಾಯಾಧೀಶರು ವಿಚಾರಿಸಿ ತೀರ್ಮಾನಿಸಲಿ. ಇದನ್ನು ಗಿಮಿಕ್ ಎಂದರು. ಆ ಪ್ರಸ್ತಾವದಲ್ಲಿ ಆಕೆ ಕೇಳಿದ್ದಾದರೂ ಏನು? ವಿಚಾರಣೆ. ಕಾನೂನು ಕೊಡಲಾರೆನೆಂದದ್ದನ್ನು ಆರೋಪಿಯಾದರೂ ಕೊಡಲಿ ಎಂದು ಕೇಳಿದರು. ಪತ್ರಿಕಾಗೋಷ್ಠಿಯಲ್ಲಿ ಆರೋಪಿಗೆ ನ್ಯಾಯ ಸಿಗುವುದಿಲ್ಲ ಎಂದು ಮರುಗುವವರು ಆ ದಿನ ಆಕೆಯ ಬೆನ್ನಿಗೆ ನಿಲ್ಲಬೇಕಿತ್ತು.

ಅಲ್ಲಿಂದ ಮುಂದೆ ನಡೆದದ್ದನ್ನು ಟೀಕಾಕಾರರು ಹೇಳುವುದೇ ಇಲ್ಲ. 2015ರಲ್ಲಿ ನೆವಾಡಾ ತನ್ನ ನಾಲ್ಕು ವರ್ಷಗಳ ಕಾಲಮಿತಿಯನ್ನು ಇಪ್ಪತ್ತಕ್ಕೆ ಏರಿಸಿತು. ಕಾಸ್ಬಿ ವಿರುದ್ಧ ದನಿಯೆತ್ತಿದ ಮಹಿಳೆಯೊಬ್ಬರು ಅಲ್ಲಿನ ಶಾಸಕರ ಮುಂದೆ ಪಟ್ಟುಹಿಡಿದು ನಿಂತದ್ದರ ಫಲ ಅದು. 2016ರಲ್ಲಿ ಕೊಲರಾಡೊ ಹತ್ತನ್ನು ಇಪ್ಪತ್ತು ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಜೆರ್ರಿ ಬ್ರೌನ್ ಅತ್ಯಾಚಾರ ಪ್ರಕರಣಗಳ ಕಾಲಮಿತಿಯನ್ನೇ ತೆಗೆದುಹಾಕುವ ಮಸೂದೆಗೆ ಸಹಿ ಹಾಕಿದರು. ಸೆನೆಟರ್ ಕೋನಿ ಲೇವಾ ಮಂಡಿಸಿದ ಆ ಮಸೂದೆಗಾಗಿ ಆಲ್‌ರೆಡ್ ಮತ್ತು ಅವರ ಕಕ್ಷಿದಾರರು ಹೋರಾಡಿದ್ದರು. ಆ ಕಾನೂನು ಹಿಂದಕ್ಕೆ ಅನ್ವಯಿಸುವುದಿಲ್ಲ. ಆಗಲೇ ಗಡುವು ಮುಗಿದುಹೋದ ಘಟನೆಗಳಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ. ಅಂದರೆ ಈ ಮಹಿಳೆಯರು ತಮಗೆಂದೂ ದಕ್ಕದ ಕಾನೂನಿಗಾಗಿ ತಮ್ಮ ಬದುಕಿನ ಅತ್ಯಂತ ನೋವಿನ ದಿನವನ್ನು ಶಾಸಕರ ಎದುರು, ಪತ್ರಕರ್ತರ ಎದುರು ಮತ್ತೆ ಮತ್ತೆ ಬಿಚ್ಚಿಟ್ಟರು. ಪ್ರಚಾರಕ್ಕೆ ಬಿದ್ದವರು ಹೀಗೆ ಮಾಡುತ್ತಾರೆಯೇ?

ಕೋರ್ಟಿನ ಕಥೆಯೂ ಇದೆ. ಕಾನ್‌ಸ್ಟಂಡ್ ಪ್ರಕರಣದಲ್ಲಿ ಕಾಲಮಿತಿ ಮುಗಿಯಲು ಕೆಲವೇ ದಿನ ಇರುವಾಗ ಆರೋಪಪಟ್ಟಿ ಸಲ್ಲಿಕೆಯಾಯಿತು. 2017ರ ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2018ರ ಎರಡನೆಯ ವಿಚಾರಣೆಯಲ್ಲಿ ಇತರ ಐವರು ಮಹಿಳೆಯರಿಗೆ ಸಾಕ್ಷಿ ಹೇಳಲು ಅವಕಾಶ ಸಿಕ್ಕಿತು, ಅವರಲ್ಲಿ ಆಲ್‌ರೆಡ್ ಅವರ ಕಕ್ಷಿದಾರರೂ ಇದ್ದರು. ಏಪ್ರಿಲ್ 26ರಂದು ಕಾಸ್ಬಿ ದೋಷಿ ಎಂದು ತೀರ್ಪು ಬಂತು. 2021ರ ಜೂನ್‌ನಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಿಂದಿನ ಅಭಿಯೋಜಕ ಪ್ರಕರಣ ಹೂಡುವುದಿಲ್ಲವೆಂದು ಕೊಟ್ಟಿದ್ದ ಭರವಸೆಯನ್ನು ಮುರಿದದ್ದು ತಪ್ಪು ಎಂಬುದು ಅದಕ್ಕೆ ಕಾರಣ. ಮಹಿಳೆಯರು ಸುಳ್ಳು ಹೇಳಿದರೆಂದು ಆ ತೀರ್ಪು ಎಲ್ಲೂ ಹೇಳಲಿಲ್ಲ. ಮರುವರ್ಷ, 2022ರ ಜೂನ್‌ನಲ್ಲಿ, ಆಲ್‌ರೆಡ್ ಅವರ ಕಕ್ಷಿದಾರಳೊಬ್ಬಳ ಸಿವಿಲ್ ದಾವೆಯಲ್ಲಿ ಲಾಸ್ ಏಂಜಲೀಸ್ ಪ್ರದೇಶದ ಜ್ಯೂರಿ ಆಕೆಯ ಮಾತನ್ನು ನಂಬಿತು. ಹದಿಹರೆಯದಲ್ಲಿ ನಡೆದ ದೌರ್ಜನ್ಯಕ್ಕೆ 5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ದಾವೆ ಹೂಡಿದ್ದು 2014ರ ಡಿಸೆಂಬರ್‌ನಲ್ಲಿ. ಕ್ಯಾಮೆರಾಗಳು ಎದ್ದುಹೋದ ಮೇಲೂ ಏಳೂವರೆ ವರ್ಷ ಒಂದು ಮೊಕದ್ದಮೆಯನ್ನು ಹಿಡಿದು ನಡೆಸಿದ್ದು ಅದೇ ಕಚೇರಿ.

ಆಲ್‌ರೆಡ್‌ಗೆ ಈ ಹಟ ಎಲ್ಲಿಂದ ಬಂತೆಂದು ಅನುಮಾನಿಸುವವರಿಗೆ ಚಿತ್ರ ಉತ್ತರ ಕೊಡುತ್ತದೆ. 1941ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಮಗಳನ್ನು ಹೆತ್ತು, ಗಂಡನಿಂದ ದೂರವಾಗಿ, ಒಬ್ಬಂಟಿಯಾಗಿ ಮಗಳನ್ನು ಸಾಕುತ್ತ ಶಾಲಾ ಶಿಕ್ಷಕಿಯಾದವರು. 1966ರಲ್ಲಿ ಮೆಕ್ಸಿಕೊದ ಅಕಾಪುಲ್ಕೊಗೆ ರಜೆಗೆಂದು ಹೋದಾಗ ಅಲ್ಲಿನ ವೈದ್ಯನೊಬ್ಬ ಪಿಸ್ತೂಲು ತೋರಿಸಿ ಅತ್ಯಾಚಾರ ಮಾಡಿದ. ಯಾರೂ ನಂಬಲಿಕ್ಕಿಲ್ಲವೆಂದು ಆಕೆ ದೂರು ಕೊಡಲಿಲ್ಲ. ಊರಿಗೆ ಮರಳಿದ ಮೇಲೆ ಗರ್ಭ ನಿಂತದ್ದು ತಿಳಿಯಿತು. ಕ್ಯಾಲಿಫೋರ್ನಿಯಾದಲ್ಲಿ ಆಗ ಗರ್ಭಪಾತ ಅಪರಾಧ. ಕದ್ದುಮುಚ್ಚಿ ಮಾಡಿಸಿಕೊಂಡದ್ದರಿಂದ ರಕ್ತಸ್ರಾವವಾಗಿ, ಜ್ವರವೇರಿ, ಆಸ್ಪತ್ರೆ ಸೇರಿ ಸಾವಿನ ಬಾಯಿಂದ ಪಾರಾದರು. ಅಲ್ಲಿನ ನರ್ಸ್ ಆಕೆಗೆ ಹೇಳಿದ್ದು, ಇದರಿಂದ ನಿನಗೆ ಬುದ್ಧಿ ಬರಲಿ ಎಂದು. ಸುಮ್ಮನಿದ್ದರೆ ಏನಾಗುತ್ತದೆಂಬುದನ್ನು ಈಕೆ ಪುಸ್ತಕ ಓದಿ ಕಲಿಯಲಿಲ್ಲ. ಆಮೇಲೆ ಕಾನೂನು ಓದಿ, 1975ರಲ್ಲಿ ವಕೀಲಿ ಪರವಾನಗಿ ಪಡೆದು, ಮರುವರ್ಷ ಇಬ್ಬರು ಸಹಪಾಠಿಗಳೊಡನೆ ಕಚೇರಿ ತೆರೆದರು.

ಹಾಗೆ ತೆರೆದ ಕಚೇರಿ ಕೈಗೆತ್ತಿಕೊಂಡ ಮೊಕದ್ದಮೆಗಳನ್ನು ನೋಡಿ. ಹೆರಿಗೆ ನೋವಿನಲ್ಲಿದ್ದ ಮಹಿಳಾ ಕೈದಿಗಳನ್ನು ಲಾಸ್ ಏಂಜಲೀಸ್ ಕೌಂಟಿ ಸರಪಳಿಯಲ್ಲಿ ಕಟ್ಟುತ್ತಿದ್ದುದರ ವಿರುದ್ಧ ಒಂದು. ಗಂಡುಮಕ್ಕಳ ಆಟಿಕೆ, ಹೆಣ್ಣುಮಕ್ಕಳ ಆಟಿಕೆ ಎಂದು ಫಲಕ ಹಾಕಿ ಬೇರೆಯಿಟ್ಟ ಅಂಗಡಿ ಸರಣಿಯ ವಿರುದ್ಧ ಇನ್ನೊಂದು. ಇಬ್ಬರು ಹೆಂಗಸರು ಪ್ರೇಮಿಗಳೆಂಬ ಕಾರಣಕ್ಕೆ ಜೋಡಿಗಳಿಗೆ ಮೀಸಲಾದ ಮೇಜಿನಲ್ಲಿ ಊಟ ಬಡಿಸಲೊಪ್ಪದ ರೆಸ್ಟೋರೆಂಟಿನ ವಿರುದ್ಧ 1983ರಲ್ಲಿ ಮತ್ತೊಂದು. ಸಲಿಂಗಿ ವಿವಾಹಕ್ಕಾಗಿ 2004ರಲ್ಲಿ ಅವರು ಹೂಡಿದ ದಾವೆ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ 2008ರ ತೀರ್ಪಿಗೆ ಸೇರಿತು. ಇವುಗಳಲ್ಲಿ ಹಲವನ್ನು ಆಗಿನ ಪತ್ರಿಕೆಗಳು ಕ್ಷುಲ್ಲಕ ಎಂದು ಕರೆದವು. ಇಂದು ಆ ಫಲಕಗಳನ್ನು, ಆ ಸರಪಳಿಗಳನ್ನು ಸಮರ್ಥಿಸುವ ಧೈರ್ಯ ಯಾರಿಗಿದೆ?

ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು 1984ರ ಒಂದು ದಾವೆ. ಏಳು ಮಂದಿ ಪಾದ್ರಿಗಳು ತನ್ನನ್ನು ಲೈಂಗಿಕವಾಗಿ ಬಳಸಿಕೊಂಡರೆಂದು ಹೇಳಿದ ಬಡ ತರುಣಿಯೊಬ್ಬಳ ಪರವಾಗಿ ಆಲ್‌ರೆಡ್ ಲಾಸ್ ಏಂಜಲೀಸ್ ಕ್ಯಾಥೊಲಿಕ್ ಧರ್ಮಪ್ರಾಂತ್ಯವನ್ನೇ ಕೋರ್ಟಿಗೆಳೆದರು. ಆಕೆ ಗರ್ಭಿಣಿಯಾದಾಗ ವಿಷಯ ಹೊರಬೀಳದಂತೆ ಹೆರಿಗೆಗೆ ಫಿಲಿಪ್ಪೀನ್ಸ್‌ಗೆ ಕಳಿಸಲಾಗಿತ್ತು. ಅಂದು ಚರ್ಚಿನ ಮೇಲೆ ಕೇಸು ಹಾಕುವುದೆಂದರೆ ಹುಚ್ಚು. ಗಡುವು ಮೀರಿದೆ ಎಂಬ ಕಾರಣಕ್ಕೆ ದಾವೆ ವಜಾ ಆಯಿತು. ಬಾಸ್ಟನ್ ಗ್ಲೋಬ್ ಪತ್ರಿಕೆ ಮಕ್ಕಳ ಮೇಲೆ ದೌರ್ಜನ್ಯ ನಡೆಸಿದ ಪಾದ್ರಿಗಳ ಹಗರಣವನ್ನು ಬಯಲಿಗೆಳೆದು ಜಗತ್ತನ್ನು ಬೆಚ್ಚಿಬೀಳಿಸಿದ್ದು 2002ರಲ್ಲಿ, ಅಂದರೆ ಹದಿನೆಂಟು ವರ್ಷ ತಡವಾಗಿ. ಡಿಎನ್ಎ ಪರೀಕ್ಷೆಯಿಂದ ಮಗುವಿನ ತಂದೆ ಪಾದ್ರಿಯೇ ಎಂದು ಸಾಬೀತಾಗಿ, 2007ರಲ್ಲಿ ಆಕೆಗೆ 5 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಆ ಇಪ್ಪತ್ಮೂರು ವರ್ಷವೂ ಆಕೆಯ ವಕೀಲೆ ಬದಲಾಗಲಿಲ್ಲ. 1984ರಲ್ಲಿ ಆಲ್‌ರೆಡ್ ಅವರನ್ನು ಗದ್ದಲಗಾತಿ ಎಂದು ತಳ್ಳಿಹಾಕಿದವರು ಅಂದೇ ಕಿವಿಗೊಟ್ಟಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರು? ಈ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಳ್ಳಬೇಕು.

ಆಕೆಯ ಮೇಲಿನ ಬೈಗುಳದ ಚರಿತ್ರೆಯೂ ಗಮನಿಸುವಂಥದು. 1981ರಲ್ಲಿ ಗರ್ಭಪಾತ ನಿಷೇಧದ ಪರ ಸಭೆ ನಡೆಸುತ್ತಿದ್ದ ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಷ್ಮಿಟ್ಸ್ ತನ್ನ ಅಧಿಕೃತ ಪತ್ರಿಕಾ ಪ್ರಕಟಣೆಯಲ್ಲೇ ಆಲ್‌ರೆಡ್ ಅವರ ಹೆಣ್ತನವನ್ನು ಹೀಯಾಳಿಸಿ ಬರೆದ. ಆಕೆ ಮಾನನಷ್ಟ ಮೊಕದ್ದಮೆ ಹೂಡಿ, 1986ರಲ್ಲಿ 20 ಸಾವಿರ ಡಾಲರ್ ಜೊತೆಗೆ ಕ್ಷಮಾಪಣೆಯನ್ನೂ ಪಡೆದರು. ಗಂಡು ವಕೀಲ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಗುಡುಗಿದರೆ ಅವನು ಗಟ್ಟಿಗ. ಅಲ್ಲೇ ನಿಂತು ಹೆಣ್ಣು ಅದೇ ಮಾತಾಡಿದರೆ ಬಜಾರಿ. ಮಾಜಿ ಹೆಂಡತಿಯ ಕೊಲೆಯ ಆರೋಪ ಹೊತ್ತ ಒ.ಜೆ. ಸಿಂಪ್ಸನ್ ವಿಚಾರಣೆಯ ಕಾಲದಲ್ಲಿ ಆರೋಪಿಯ ಗಂಡು ವಕೀಲರು ಟಿ.ವಿ.ಯಿಂದ ಜಗತ್ಪ್ರಸಿದ್ಧರಾದರು, ಅವರ ಜಾಣ್ಮೆಯನ್ನು ಇಂದಿಗೂ ಹೊಗಳುತ್ತಾರೆ. ಕೊಲೆಯಾದ ನಿಕೋಲ್ ಬ್ರೌನ್ ಸಿಂಪ್ಸನ್ ಕುಟುಂಬದ ಪರ ಅದೇ ಟಿ.ವಿ.ಯಲ್ಲಿ ಮಾತಾಡಿದ ಆಲ್‌ರೆಡ್‌ಗೆ ಮಾತ್ರ ಪ್ರಚಾರಪ್ರಿಯೆ ಎಂಬ ಬಿರುದು.

ಇನ್ನು ದುಡ್ಡಿನ ಮಾತು. ಆಲ್‌ರೆಡ್ ಕಚೇರಿ ಗೆದ್ದ ಮೊತ್ತದಲ್ಲಿ ಪಾಲು ತೆಗೆದುಕೊಳ್ಳುತ್ತದೆ, ಗುಟ್ಟಿನ ರಾಜಿಗಳನ್ನು ಮಾಡಿಸುತ್ತದೆ ಎಂಬುದು ಆಪಾದನೆ. ನಿಜ. ಹಾಲಿವುಡ್ ನಿರ್ಮಾಪಕ ಹಾರ್ವೆ ವೈನ್‌ಸ್ಟೀನ್‌ನ ಲೈಂಗಿಕ ಹಗರಣವನ್ನು ಬಯಲಿಗೆಳೆದ ಪತ್ರಕರ್ತೆಯರು 2019ರ ತಮ್ಮ ‘ಷೀ ಸೆಡ್’ ಪುಸ್ತಕದಲ್ಲಿ, 2004ರಲ್ಲಿ ವೈನ್‌ಸ್ಟೀನ್ ಜೊತೆ ಅಂಥದೊಂದು ರಾಜಿ ಈ ಕಚೇರಿಯ ಮೂಲಕವೇ ಆಯಿತೆಂದು ಬರೆದಿದ್ದಾರೆ. ಬಾಯಿ ಮುಚ್ಚಿಸುವ ಕರಾರು ಕೆಟ್ಟದ್ದು, ನಾನೂ ಒಪ್ಪುತ್ತೇನೆ. ಆದರೆ ಆ ಕರಾರು ಬೇಕೆಂದವರು ಯಾರು? ಕೊಟ್ಟ ದುಡ್ಡಿಗೆ ಪ್ರತಿಯಾಗಿ ಮೌನ ಕೇಳಿದವನು ಆರೋಪಿ. ಆ ಕರಾರಿಗೆ ಬಲ ತುಂಬಿದ್ದು ಅಲ್ಲಿನ ಕಾನೂನು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಡಿ ಸೋಲುವ ಭಯವಿರುವ, ಕೆಲಸ ಕಳೆದುಕೊಂಡ ಹೆಣ್ಣುಮಗಳಿಗೆ ಕೈಗೆ ಬಂದ ಪರಿಹಾರವನ್ನು ಒದ್ದು ಹೋರಾಡು ಎಂದು ಹೇಳುವುದು ಹೊಟ್ಟೆ ತುಂಬಿದವರಿಗೆ ಸುಲಭ. ಇಂಥ ಕರಾರುಗಳನ್ನು ಹಿಡಿತಕ್ಕೆ ತರುವ ಕಾನೂನನ್ನು ಕ್ಯಾಲಿಫೋರ್ನಿಯಾ 2018ರಲ್ಲಿ ಮಾಡಿತು, 2019ರ ಜನವರಿಯಿಂದ ಅದು ಜಾರಿಗೆ ಬಂತು. ಸರಿಯಾದ ದಾರಿ ಅದು: ಕಾನೂನು ತಿದ್ದಬೇಕು. ಮೌನವನ್ನು ಕೊಂಡವನನ್ನು ಬಿಟ್ಟು, ಮಾರುವುದು ಅನಿವಾರ್ಯವಾದವಳನ್ನೂ ಅವಳ ವಕೀಲೆಯನ್ನೂ ಕಟಕಟೆಗೆ ಹತ್ತಿಸುವುದು ಹೇಡಿತನ. ಪಾಲು ಪಡೆಯುವ ಪದ್ಧತಿಯ ಬಗ್ಗೆ ಇಷ್ಟೇ ಹೇಳುತ್ತೇನೆ: ಮುಂಗಡ ಫೀಸು ಕೊಡಲಾರದ ಮಾಣಿಯೂ ಗುಮಾಸ್ತೆಯೂ ಅಲ್ಲಿ ಕೋಟ್ಯಧೀಶನನ್ನು ಕೋರ್ಟಿಗೆಳೆಯಲು ಸಾಧ್ಯವಾಗಿರುವುದು ಆ ಪದ್ಧತಿಯಿಂದಲೇ.

ಇದೆಲ್ಲ ಅಮೆರಿಕದ ಸಮಾಚಾರ, ನಮಗೇನು ಎನ್ನುವವರಿಗೆ ನಮ್ಮ ಕಾನೂನನ್ನೇ ತೋರಿಸುತ್ತೇನೆ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ತಾವು ನಡೆಸುತ್ತಿರುವ ಪ್ರಕರಣದ ಸಂಬಂಧವಾಗಿ ಪತ್ರಿಕೆಗಳಲ್ಲಿ ಟಿಪ್ಪಣಿ ಬರೆಸುವಂತಿಲ್ಲ, ಫೋಟೊ ಹಾಕಿಸುವಂತಿಲ್ಲ. ಕಕ್ಷಿದಾರರನ್ನು ಹುಡುಕಿಕೊಂಡು ಹೋಗಬಾರದೆಂಬ ಉದ್ದೇಶದಿಂದ ಮಾಡಿದ ನಿಯಮ. ಆದರೆ ಈ ನಿಯಮವನ್ನು ಅಕ್ಷರಶಃ ಹಿಡಿದರೆ ನಮ್ಮಲ್ಲಿ ಗ್ಲೋರಿಯಾ ಆಲ್‌ರೆಡ್ ಅವರಂಥವರು ಹುಟ್ಟಲು ಸಾಧ್ಯವೇ ಇಲ್ಲ. ಹುಟ್ಟಬಾರದೆಂದು ಬಯಸುವವರು ನಮ್ಮ ವಕೀಲರ ಸಂಘಗಳಲ್ಲಿ ಕಡಿಮೆಯೇನಿಲ್ಲ.

ಅವರಿಗೆ 1979ನ್ನು ನೆನಪಿಸಬೇಕು. ಪೊಲೀಸ್ ಠಾಣೆಯಲ್ಲಿ ಅತ್ಯಾಚಾರಕ್ಕೊಳಗಾದ ಮಥುರಾ ಎಂಬ ಆದಿವಾಸಿ ಹುಡುಗಿ ಪ್ರತಿಭಟಿಸಿದ ಗುರುತಿಲ್ಲ ಎಂದು ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತ್ತು. ಪ್ರಕರಣ ಮುಗಿದಿತ್ತು, ಮೇಲ್ಮನವಿಗೆ ಜಾಗವಿರಲಿಲ್ಲ. ಆಗ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಊರೂರಲ್ಲಿ ಹೆಣ್ಣುಮಕ್ಕಳು ಬೀದಿಗಿಳಿದರು. 1983ರಲ್ಲಿ ಸಂಸತ್ತು ಅತ್ಯಾಚಾರ ಕಾನೂನನ್ನು ತಿದ್ದಿತು, ಪೊಲೀಸ್ ವಶದಲ್ಲಿ ನಡೆಯುವ ಅತ್ಯಾಚಾರ ಪ್ರತ್ಯೇಕ ಅಪರಾಧವಾಯಿತು. ಆ ನಾಲ್ವರು ಕೋರ್ಟಿನ ಘನತೆಗೆ ಕುಂದು ಬಂದೀತೆಂದು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು?

2021ರ ಫೆಬ್ರವರಿ 17ರಂದು ದೆಹಲಿಯ ನ್ಯಾಯಾಲಯವೊಂದು ತನ್ನ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿದ್ದಕ್ಕೆ ಮಾಜಿ ಸಚಿವ ಎಂ.ಜೆ. ಅಕ್ಬರ್ ಹೂಡಿದ್ದ ಮಾನನಷ್ಟ ಪ್ರಕರಣದಲ್ಲಿ ಪತ್ರಕರ್ತೆ ಪ್ರಿಯಾ ರಮಾನಿ ಅವರನ್ನು ಖುಲಾಸೆ ಮಾಡಿ, ಹೆಣ್ಣು ತನ್ನ ನೋವನ್ನು ತಾನು ಆಯ್ದುಕೊಂಡ ಯಾವುದೇ ವೇದಿಕೆಯಲ್ಲಿ, ದಶಕಗಳು ಕಳೆದ ಮೇಲೂ ಹೇಳಿಕೊಳ್ಳಬಹುದು ಎಂದಿತು. ಕೆಳ ನ್ಯಾಯಾಲಯದ ನ್ಯಾಯಾಧೀಶರಿಗೆ ತಿಳಿದ ಈ ಸತ್ಯ ನಮ್ಮ ಸಂಪಾದಕರಿಗೆ, ಸಿನಿಮಾ ಸಂಘಗಳಿಗೆ, ಕಾಲೇಜುಗಳ ಆಡಳಿತ ಮಂಡಳಿಗಳಿಗೆ ಇನ್ನೂ ತಿಳಿದಿಲ್ಲ.

ನಮ್ಮ ಶಾಸಕರಿಗಂತೂ ತಿಳಿದೇ ಇಲ್ಲ. ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾನೂನು ದೂರು ಕೊಡಲು ಇಟ್ಟಿರುವ ಗಡುವು ಮೂರು ತಿಂಗಳು. ಸಮಿತಿ ಮನಸ್ಸು ಮಾಡಿದರೆ ಇನ್ನು ಮೂರು, ಅಷ್ಟೇ. ಮೇಲಧಿಕಾರಿಯ ಹಿಡಿತದಲ್ಲಿರುವವಳು, ಕೆಲಸ ಕಾಯಂ ಆಗಬೇಕಾದವಳು, ಪಿಎಚ್.ಡಿ. ಮುಗಿಸಬೇಕಾದವಳು ಆರು ತಿಂಗಳಲ್ಲಿ ಧೈರ್ಯ ಕೂಡಿಸಿಕೊಳ್ಳಲಿಲ್ಲವೆಂದರೆ ಕಥೆ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಕುಲಪತಿಯ ವಿರುದ್ಧ ಕೊಟ್ಟ ದೂರು ಇದೇ ಗಡುವಿಗೆ ಸಿಕ್ಕಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೂ ನ್ಯಾಯಮೂರ್ತಿಗಳಿಗೆ ಸುಮ್ಮನಿರಲಾಗಲಿಲ್ಲ. ಆ ತೀರ್ಪು ಕುಲಪತಿಯ ಬಯೋಡೇಟಾದಲ್ಲಿ ದಾಖಲಾಗಬೇಕೆಂದು ಆದೇಶಿಸಿದರು. ಶಿಕ್ಷಿಸಲು ಕೈ ಕಟ್ಟಿಹೋದಾಗ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಉಳಿದದ್ದೂ ಬಹಿರಂಗಪಡಿಸುವ ದಾರಿಯೇ. ಆಲ್‌ರೆಡ್ ಹಿಡಿದ ದಾರಿ ಅದಲ್ಲದೆ ಬೇರೇನು?

ಆದ್ದರಿಂದ ‘ಸೀಯಿಂಗ್ ಆಲ್‌ರೆಡ್’ ನೋಡಿ. ಆಕೆ ನಿಮಗೆ ಇಷ್ಟವಾಗಲೇಬೇಕೆಂದಿಲ್ಲ. ಇಷ್ಟವಾಗುವುದು ಆಕೆಯ ಕೆಲಸವೂ ಅಲ್ಲ. ನೋಡಿದ ಮೇಲೆ, ಹೆಣ್ಣೊಬ್ಬಳು ಮೈಕಿನ ಮುಂದೆ ಬಂದು ಹಳೆಯ ನೋವನ್ನು ಹೇಳಿದಾಗ ಈಗೇಕೆ ಎಂದು ಕೇಳುವುದನ್ನು ನಿಲ್ಲಿಸಿ. ನೀವು ಪತ್ರಕರ್ತರಾಗಿದ್ದರೆ ಆ ಪ್ರಶ್ನೆಯನ್ನು ಆರೋಪಿಯ ಕಡೆಗೆ ತಿರುಗಿಸಿ. ವಕೀಲರಾಗಿದ್ದರೆ, ನೊಂದವರ ಒಪ್ಪಿಗೆಯಿದ್ದಾಗ ಅವರ ಪರವಾಗಿ ಬಹಿರಂಗವಾಗಿ ಮಾತಾಡುವ ಹಕ್ಕಿಗಾಗಿ 36ನೇ ನಿಯಮವನ್ನು ತಿದ್ದಿಸಿ. ನಿಮ್ಮ ಸಂಸದರು ಮತ ಕೇಳಿಕೊಂಡು ಬಂದಾಗ 2013ರ ಕಾಯಿದೆಯ 9ನೇ ಸೆಕ್ಷನ್‌ನಲ್ಲಿರುವ ಮೂರು ತಿಂಗಳ ಗಡುವನ್ನು ಯಾವಾಗ ತೆಗೆಯುತ್ತೀರೆಂದು ಕೇಳಿ, ಉತ್ತರ ಸಿಗುವ ತನಕ ಬಿಡಬೇಡಿ.